ಭೀಮನಿಗೆ ಹಾಸಿದ ಜಮಖಾನ

ಆ ಜಮಖಾನ ಕೆಂಪಗಿತ್ತೋ ನೀಲಿಯೋ, ಈಗ ಆಣೆ ಮಾಡಿ ಹೇಳಲಾರೆ. ಜಾವಗಲ್ಲಿನ ದೊಡ್ಡಮ್ಮನ ಮನೆಯಲ್ಲಿ, ಕರುವಿನಷ್ಟು ದೊಡ್ಡ ನಾಯಿ ಭೀಮ ಹೊಸ ಟೈಲ್ಸ್ ಮೇಲೆ ಜಾರಿಬಿದ್ದು ನಡುಗುತ್ತಿದ್ದುದು ಮಾತ್ರ ಕಣ್ಣಿಗೆ ಕಟ್ಟಿದೆ. ಅಪಘಾತದಲ್ಲಿ ಹಿಂಗಾಲೊಂದು ಹೋದ ಮೇಲೆ ಅದು ಒಳಗೆ ಬರಲೇ ಹೆದರುತ್ತಿತ್ತು. ನಾನು ಕೊಬ್ಬರಿಯ ಗೋಣಿಚೀಲ ಹಾಸಿದೆ. ಚೀಲವೂ ಅದರ ಜತೆಗೇ ಜಾರಿತು.

ದೊಡ್ಡಮ್ಮ ಬೀರುವಿನಿಂದ, ಮಠದ ಸ್ವಾಮಿಗಳ ಪಾದಪೂಜೆಗೆಂದೇ ಇಟ್ಟಿದ್ದ ಭಾರದ ಜಮಖಾನ ತಂದು ಹಾಲ್ ತುಂಬ ಹಾಸಿದರು.

“ಏನೇ, ಸ್ವಾಮಿಗಳು ಬತ್ತಾರಾ?” ಎಂದರು ದೊಡ್ಡಪ್ಪ.

“ಸ್ವಾಮಿಗಳಿಗೆ ಎರಡು ಕಾಲೂ ಗಟ್ಟಿಯಾಗವೆ, ಸುಮ್ನಿರ್ರೀ!”

ಭೀಮ ಎದ್ದು ಕುಂಟುತ್ತ ಹೋಗಿ ದೊಡ್ಡಮ್ಮನ ಕೈ ನೆಕ್ಕಿತು.

ಅಂದಿನಿಂದ ಭೀಮ ಹಾಲ್‌ನಲ್ಲೇ ಮಲಗತೊಡಗಿತು. “ಮುಂದಿನ ಪಾದಪೂಜೆಗೆ ಏನು ಹಾಸ್ತೀರಿ, ದೊಡ್ಡಮ್ಮ?” ಎಂದು ಕೇಳಿದೆ. ಅವರು ಬಗ್ಗಿ, ಭೀಮ ಮಲಗಿದ್ದ ಜಮಖಾನದ ಮಡಚಿಕೊಂಡ ಅಂಚನ್ನು ಸರಿಮಾಡಿದರು.