ಇಂದ್ರಾಣಿ ಹಾಕದೆ ಬಿಟ್ಟ ಸ್ವಿಚ್ಚು

ಶ್ರೀನಗರದಲ್ಲಿ ಇಂದ್ರಾಣಿಯ ಮನೆ ಯಾವುದು ಎಂದು ಕೇಳಿದರೆ ಬೀದಿಯವರು ತಲೆ ಕೆರೆದುಕೊಳ್ಳುತ್ತಾರೆ. ಕುಚ್ಚು ಕಟ್ಟುವ ಆಂಟಿ ಎಂದರೆ ಸಾಕು, ಹಣ್ಣಿನ ಗಾಡಿಯವನೂ ಕೈ ಎತ್ತಿ ಮೊದಲ ಮಹಡಿಯ ಹಸಿರು ಗ್ರಿಲ್ ತೋರಿಸುತ್ತಾನೆ. ಜಯನಗರದ ಸೀರೆ ಅಂಗಡಿಗಳಿಂದ ಅವಳಿಗೆ ಚೀಲಗಟ್ಟಲೆ ರೇಷ್ಮೆ ಸೀರೆ ಬರುತ್ತವೆ. ಸೆರಗಿನ ಅಂಚಿಗೆ ಬಣ್ಣದ ದಾರದ ಕುಚ್ಚು ಕಟ್ಟಿ, ಬೇಕೆಂದವರಿಗೆ ಮಣಿಯನ್ನೂ ಪೋಣಿಸಿ, ಮಡಚಿ ಕಳಿಸುವುದು ಅವಳ ಕಸುಬು. ನೋಡುವವರಿಗೆ ಕೂತಲ್ಲೇ ಮಾಡುವ ಸುಲಭದ ಕೆಲಸ. ಮಾಡಿ ನೋಡಿದವರಿಗೆ ಗೊತ್ತು ಅದರ ಪಾಡು. ಪ್ರತಿ ಕುಚ್ಚಿಗೂ ಎಣಿಸಿ ಅಷ್ಟಷ್ಟೇ ಎಳೆ ಹಿಡಿಯಬೇಕು. ಎಲ್ಲೋ ಒಂದರಲ್ಲಿ ಹೆಚ್ಚುಕಮ್ಮಿಯಾದರೂ ಇಡೀ ಸೆರಗು ಮೂತಿ ಸೊಟ್ಟ ಮಾಡಿಕೊಂಡ ಹಾಗೆ ಕಾಣುತ್ತದೆ. ಮದುವೆ ಮನೆಯ ಹೆಂಗಸರು ಗಂಡಿನ ನಡತೆ ನೋಡುತ್ತಾರೋ ಇಲ್ಲವೋ, ಹೆಣ್ಣಿನ ಸೆರಗಿನ ಕುಚ್ಚನ್ನಂತೂ ನೋಡಿಯೇ ನೋಡುತ್ತಾರೆ.

ಗಂಡ ದೇವರಾಜ್ ಬನಶಂಕರಿಯ ಶಾಲೆಯೊಂದಕ್ಕೆ ವ್ಯಾನ್ ಓಡಿಸುತ್ತಿದ್ದ. ಗ್ಲಕೋಮಾ ಸದ್ದಿಲ್ಲದೆ ಬಂದು ಅವನ ಕಣ್ಣು ತಿಂದುಹಾಕಿತು. ಡಾಕ್ಟರು ಗುರುತು ಹಿಡಿಯುವ ಹೊತ್ತಿಗೆ ಉಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ. ಕೆಲಸ ಬಿಟ್ಟ ಮೇಲೆ ಅವನು ಗೋಡೆಗೆ ಮುಖ ಮಾಡಿ ಕೂತ. ಬಡಿಸಿದರೆ ಉಂಡ, ಬಡಿಸದಿದ್ದರೆ ಕೇಳಲಿಲ್ಲ. ಮದುವೆಯಾಗಿ ವಿಲ್ಸನ್ ಗಾರ್ಡನ್ನಿನಲ್ಲಿದ್ದ ಮಗಳು ದಿವ್ಯ ಬಂದು ಅತ್ತು ಹೋದರೂ ಅವನು ತುಟಿ ಬಿಚ್ಚಲಿಲ್ಲ.

ಅವನನ್ನು ಮತ್ತೆ ಮನುಷ್ಯನನ್ನಾಗಿ ಮಾಡಿದ್ದು ಜಯನಗರದ ಒಂದು ಸಣ್ಣ ಲೈಬ್ರರಿ. ಕಣ್ಣು ಕಾಣದವರಿಗಾಗಿ ಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಡುವ ಜಾಗ ಅದು. ಅದನ್ನು ನಡೆಸುವ ಸರಸ್ವತಿ ಮೇಡಂ ಓದುವ ಮೆಷಿನ್ ಒಂದನ್ನು ಅವನ ಕೈಗಿಟ್ಟರು. ಅಂಗೈಗಿಂತ ತುಸು ದೊಡ್ಡದು, ಮುಟ್ಟಿದರೆ ತಿಳಿಯುವ ಉಬ್ಬು ಗುಂಡಿಗಳು. ಮೆಮೊರಿ ಕಾರ್ಡಿಗೆ ಪುಸ್ತಕ ತುಂಬಿಸಿ ಒಳಗಿಟ್ಟರೆ ಅದು ಓದುತ್ತದೆ. ಇವತ್ತು ನಿಲ್ಲಿಸಿದ ಜಾಗವನ್ನು ನೆನಪಿಟ್ಟುಕೊಂಡು ನಾಳೆ ಅಲ್ಲಿಂದಲೇ ಹಿಡಿಯುತ್ತದೆ. ಪುಸ್ತಕ ಮುಗಿದಾಗ ಇಂದ್ರಾಣಿ ಸೀರೆ ಕೊಡಲು ಹೋಗುವ ದಾರಿಯಲ್ಲೇ ಕಾರ್ಡನ್ನು ಲೈಬ್ರರಿಯ ಕೌಂಟರಿನಲ್ಲಿ ಕೊಟ್ಟು, ಬರುವಾಗ ಹೊಸದು ತುಂಬಿದ ಕಾರ್ಡನ್ನು ಎತ್ತಿಕೊಂಡು ಓಡಿ ಬರುತ್ತಿದ್ದಳು. ಯಾವ ಪುಸ್ತಕ, ಏನು ಕತೆ ಎಂದು ಅವಳು ಒಮ್ಮೆಯೂ ಕೇಳಿದವಳಲ್ಲ.

ಅದನ್ನು ಚಾರ್ಜ್ ಮಾಡುವುದೂ ಅವಳದೇ ಕೆಲಸ. ಮನೆಯಲ್ಲಿ ನೆಟ್ಟಗಿದ್ದ ಪ್ಲಗ್ ಪಾಯಿಂಟ್ ಅವಳ ಕೆಲಸದ ಮೇಜಿನ ಹಿಂದಿನದು ಮಾತ್ರ. ದೇವರಾಜ್ ಒಮ್ಮೆ ತಾನೇ ತಡಕಾಡಿಕೊಂಡು ಪಿನ್ ಸಿಕ್ಕಿಸಲು ಹೋಗಿ ಬಿಸಿ ಇಸ್ತ್ರಿಪೆಟ್ಟಿಗೆಗೆ ಕೈ ಇಟ್ಟಿದ್ದ. ಅಂದಿನಿಂದ ಅತ್ತ ಸುಳಿಯಕೂಡದು ಎಂದು ಅವಳ ಕಟ್ಟಪ್ಪಣೆ. ಚಾರ್ಜ್ ಆಗುತ್ತಿದೆ ಎನ್ನುವುದಕ್ಕೆ ಆ ಮೆಷಿನ್ನಿನ ಮೂಲೆಯಲ್ಲಿ ಒಂದು ಕೆಂಪು ದೀಪ ಉರಿಯುತ್ತದೆ. ಕಣ್ಣಿಲ್ಲದವರ ಮೆಷಿನ್ನಿಗೆ ದೀಪ ಇಟ್ಟ ಬುದ್ಧಿವಂತ ಯಾರೋ, ಅವನಿಗೊಂದು ದೊಡ್ಡ ನಮಸ್ಕಾರ.

ಹೊಸದರಲ್ಲಿ ಇಂದ್ರಾಣಿಗೂ ಸಂತೋಷವೇ ಆಗಿತ್ತು. ಗಂಡ ಗೋಡೆ ಬಿಟ್ಟು ಇತ್ತ ತಿರುಗಿದನಲ್ಲ! ಆದರೆ ಅವನು ಮೆಷಿನ್ನನ್ನು ಜೋರಾಗಿ ಇಡುತ್ತಿದ್ದ. ಬೆಳಗಿನ ಕಾಫಿಯಿಂದ ಹಿಡಿದು ದೀಪ ಹಚ್ಚುವ ಹೊತ್ತಿನ ತನಕ ಯಾರೋ ಹೆಂಗಸು ಮನೆಯೊಳಗೆ ಕೂತು ಬಿಡದೆ ಮಾತಾಡಿದ ಹಾಗೆ. ಅಡಿಗೆಮನೆಗೆ ಹೋದರೂ ಅದೇ ಸ್ವರ, ಬಟ್ಟೆ ಒಣಗಿಸಲು ಹೋದರೂ ಅದೇ ಸ್ವರ. ಎಳೆ ಎಣಿಸುವಾಗ ನಡುವೆ ಯಾರದೋ ಮದುವೆ, ಯಾರದೋ ಜಗಳ ಬಂದು ಎಣಿಕೆ ತಪ್ಪುತ್ತಿತ್ತು. ಸ್ವಲ್ಪ ಸಣ್ಣಗೆ ಇಡ್ರೀ ಎಂದು ಒಂದು ಮಾತು ಹೇಳಿದ್ದರೆ ಮುಗಿದೇ ಹೋಗುತ್ತಿತ್ತು. ಅವಳು ಹೇಳಲಿಲ್ಲ. ಕಣ್ಣು ಹೋದವನಿಗೆ ಕಿವಿಯನ್ನೂ ಮುಚ್ಚಿಕೋ ಎನ್ನುವುದು ಹೇಗೆ ಎಂದು ಹಲ್ಲು ಕಚ್ಚಿಕೊಂಡಳು. ಹಾಗೆ ಸಹಿಸಿದ್ದು ಒಳಗೊಳಗೇ ಹುಳಿಯುತ್ತಾ ಬಂತು.

ಮದುವೆ ಸೀಸನ್ನಿನ ಒಂದು ದಿನ ಅದು ಉಕ್ಕಿಬಿಟ್ಟಿತು. ಮದುಮಗಳ ಧಾರೆ ಸೀರೆ, ಸಂಜೆಯೊಳಗೆ ಅಂಗಡಿ ಸೇರಬೇಕು. ಅರ್ಧಕ್ಕಿಂತ ಹೆಚ್ಚು ಕಟ್ಟಿದ ಮೇಲೆ ಬೆಳಕಿಗೆ ಹಿಡಿದು ನೋಡುತ್ತಾಳೆ, ಕುಚ್ಚುಗಳು ಒಂದು ದಪ್ಪ, ಒಂದು ಸಣ್ಣ. ಎಲ್ಲ ಕತ್ತರಿಸಿ ಮೊದಲಿನಿಂದ ಕಟ್ಟಿದಳು. ಅಂಗಡಿಯವನಿಂದ ಫೋನಿನಲ್ಲಿ ಬೈಸಿಕೊಂಡೂ ಆಯಿತು. ಅದೇ ಹೊತ್ತಿಗೆ ದೇವರಾಜ್ ಬ್ಯಾಟರಿ ತೀರಿದ ಮೆಷಿನ್ನನ್ನು ಅವಳತ್ತ ಚಾಚಿದ. ಇಂದ್ರಾಣಿ ಪಿನ್ ಸಿಕ್ಕಿಸಿದಳು. ಸ್ವಿಚ್ಚಿನ ಮೇಲೆ ಬೆರಳೂ ಇಟ್ಟಳು. ಹಾಕದೆ ಬೆರಳು ಹಿಂದಕ್ಕೆ ತೆಗೆದುಕೊಂಡಳು.

ಒಂದೇ ಒಂದು ದಿನ ಸುಮ್ಮನಿರಲಿ ಎಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು. ಬೆಳಗ್ಗೆ ಅವನು ಗುಂಡಿ ಒತ್ತಿದ, ಮೆಷಿನ್ ಉಸಿರೆತ್ತಲಿಲ್ಲ. ಮತ್ತೆ ಒತ್ತಿದ. ಅವನು ಗಾಬರಿಯಾದದ್ದು ನೋಡಿ ಅವಳ ಬಾಯಿಂದ ಸುಳ್ಳು ತಾನಾಗಿಯೇ ಉದುರಿತು.

“ಬ್ಯಾಟರಿ ಹೋಗಿರ್ಬೇಕು ಕಣ್ರೀ. ಈ ಸೀಸನ್ ಒಂದು ಮುಗೀಲಿ, ಲೈಬ್ರರಿಗೆ ತಗೊಂಡ್ಹೋಗ್ತೀನಿ.”

ದೇವರಾಜ್ ಆಗಲಿ ಎಂದ. ಅವಸರವೇನಿಲ್ಲ, ಕೆಲಸ ನೋಡಿಕೋ ಎಂದೂ ಸೇರಿಸಿದ. ಅವನು ರೇಗಿದ್ದರೆ ಅವಳೂ ಎರಡು ಮಾತು ಆಡಿ ಹಗುರಾಗುತ್ತಿದ್ದಳು. ರೇಗಲಿಲ್ಲ, ಪುಣ್ಯಾತ್ಮ.

ಮನೆ ಶಾಂತವಾಯಿತು. ಕುಚ್ಚುಗಳು ಚಕಚಕನೆ ಇಳಿದವು. ಬೇಕೆಂದದ್ದು ಸಿಕ್ಕಿತ್ತು, ಆದರೆ ಅವಳ ಕಣ್ಣು ಮತ್ತೆ ಮತ್ತೆ ಅವನತ್ತ ಹೋಗುತ್ತಿತ್ತು. ಸತ್ತ ಮೆಷಿನ್ನನ್ನು ಅವನು ತೊಡೆಯ ಮೇಲಿಟ್ಟುಕೊಂಡೇ ಕೂರುತ್ತಿದ್ದ. ಪಂಚೆಯ ಅಂಚಿನಿಂದ ಅದರ ಧೂಳು ಒರೆಸುತ್ತಿದ್ದ. ನಡುನಡುವೆ, ಅವಳಿಗೆ ಗೊತ್ತಾಗದಿರಲಿ ಎನ್ನುವಂತೆ, ಮೆಲ್ಲಗೆ ಗುಂಡಿ ಒತ್ತಿ ನೋಡುತ್ತಿದ್ದ. ಅವಳು ಕಂಡೂ ಕಾಣದವಳಂತೆ ದಾರದ ಉಂಡೆಗೆ ಕೈ ಹಾಕುತ್ತಿದ್ದಳು. ಚಾರ್ಜಿಗೆ ಹಾಕಿಬಿಡೋಣ ಎಂದುಕೊಂಡರೆ, ಏನಂತ ಹೇಳಿ ಹಾಕುವುದು? ಸುಳ್ಳಿಗೆ ಹೊರಗೆ ಬರುವ ಬಾಗಿಲು ಸಿಗುವುದೇ ಕಷ್ಟ.

ಒಂದು ಮಧ್ಯಾಹ್ನ ಮಜ್ಜಿಗೆ ಕುಡಿಯುತ್ತಾ ಅವನು ಇದ್ದಕ್ಕಿದ್ದಂತೆ ಕೇಳಿದ. ಆ ಅಕ್ಕ ಖಾನಾವಳಿ ಮಾರಿ ತಂಗಿಯ ಹಿಂದೆ ಹೋಗುತ್ತಾಳಾ, ಅಲ್ಲೇ ಉಳಿಯುತ್ತಾಳಾ, ನಿನಗೇನನ್ನಿಸುತ್ತದೆ ಎಂದ. ಯಾವ ಅಕ್ಕ ಎಂದು ಇಂದ್ರಾಣಿ ತಲೆ ಎತ್ತದೆ ಕೇಳಿದಳು. ಅವನ ಲೋಟ ತುಟಿಯ ಬಳಿಯೇ ನಿಂತಿತು. ಏನಿಲ್ಲ ಬಿಡು ಎಂದ. ಮುಖ ಸಪ್ಪಗಾಯಿತು. ಅದೇಕೆ ಎಂದು ಅವಳಿಗೆ ಆಗ ಹೊಳೆಯಲಿಲ್ಲ.

ಅವಳಿಗೆ ತೊಂದರೆ ಬೇಡವೆಂದು ಅವನೇ ಸರಸ್ವತಿ ಮೇಡಂಗೆ ಫೋನ್ ಮಾಡಿ ಬ್ಯಾಟರಿ ಹೋಗಿದೆ ಎಂದು ತಿಳಿಸಿದ. ಕಳಿಸಿಕೊಡಿ ನೋಡೋಣ ಎಂದರಂತೆ. ಮೆಷಿನ್ನು, ಅವಳಿಂದ ಇಸಿದುಕೊಂಡ ಚಾರ್ಜರು ಎಲ್ಲ ಚೀಲಕ್ಕೆ ಹಾಕಿ, ಬೆಳಗ್ಗೆ ಅಂಗಡಿಗೆ ಹೋಗುವಾಗ ಮರೆಯಬೇಡ ಎಂದು ಅವಳ ಸೀರೆಗಳ ಪಕ್ಕದಲ್ಲೇ ಇಟ್ಟ. ಅಲ್ಲಿ ಸ್ವಿಚ್ ಹಾಕಿದರೆ ಸಾಕು, ಗುಟ್ಟು ರಟ್ಟಾಗುತ್ತದೆ ಎಂದು ಗೊತ್ತಿದ್ದೂ ಇಂದ್ರಾಣಿ ಬೆಳಗ್ಗೆ ಆ ಚೀಲವನ್ನೂ ಎತ್ತಿಕೊಂಡಳು.

ಲೈಬ್ರರಿಯಲ್ಲಿ ಸರಸ್ವತಿ ಮೇಡಂ ಚಾರ್ಜರ್ ಸಿಕ್ಕಿಸಿ ಸ್ವಿಚ್ ಹಾಕಿದರು. ಕೆಂಪು ದೀಪ ಹತ್ತಿತು. ಸ್ವಲ್ಪ ಹೊತ್ತಿಗೆ ಗುಂಡಿ ಒತ್ತಿದರೆ ಮೆಷಿನ್ ಏನೂ ಆಗಿಲ್ಲವೆಂಬಂತೆ ಮಾತಾಡತೊಡಗಿತು. ಪಿನ್ ಸರಿಯಾಗಿ ಕೂತಿರಲಿಲ್ಲವೇನೋ ಎಂದರು ಮೇಡಂ. ಇರಬಹುದು ಎಂದಳು ಇಂದ್ರಾಣಿ. ಇದು ಎರಡನೆಯ ಸುಳ್ಳು, ಮತ್ತು ಇದಕ್ಕೆ ಸೀಸನ್ನಿನ ನೆಪವೂ ಇರಲಿಲ್ಲ.

ಕಾರ್ಡನ್ನು ಕಂಪ್ಯೂಟರಿಗೆ ಹಾಕಿ, ಅರ್ಧ ಉಳಿದಿದ್ದರ ಜೊತೆಗೆ ಹೊಸ ಪುಸ್ತಕವನ್ನೂ ತುಂಬಿಸುತ್ತಾ ಮೇಡಂ ನಕ್ಕರು.

“ನಿಮಗೆ ಪುಸ್ತಕ ಆರಿಸೋದೇ ನನಗೊಂದು ಪರೀಕ್ಷೆ ನೋಡಿ. ನಿಮ್ಮ ಯಜಮಾನ್ರಿಗೆ ಇಷ್ಟ ಪತ್ತೇದಾರಿ ಕತೆ. ಕೊಡ್ಲಾ ಅಂತ ಫೋನಲ್ಲಿ ಕೇಳಿದ್ರೆ, ಬೇಡ ಮೇಡಂ, ಕೊಲೆ ಗಿಲೆ ನಮ್ಮ ಇಂದ್ರಾಗೆ ಆಗಲ್ಲ, ಅವಳಿಗೆ ಹಿಡಿಸೋದು ಹಾಕಿ ಅಂತಾರೆ.”

ಇಂದ್ರಾಣಿ ನನಗಾ ಎಂದಳು. ಮೇಡಂ ಹೌದೆಂದರು. ಮದುವೆಯ ಹೊಸದರಲ್ಲಿ ವಾರಪತ್ರಿಕೆಯ ಧಾರಾವಾಹಿಗೆ ಅವಳು ಹೇಗೆ ಕಾಯುತ್ತಿದ್ದಳು, ಮಗಳು ಹುಟ್ಟಿ, ಕುಚ್ಚಿನ ಕೆಲಸ ಹಿಡಿದ ಮೇಲೆ ಹೇಗೆ ಒಂದು ಪುಟವನ್ನೂ ತಿರುವಲಾಗಲಿಲ್ಲ ಎಂಬುದನ್ನೆಲ್ಲ ದೇವರಾಜ್ ಅವರಿಗೆ ಹೇಳಿದ್ದನಂತೆ. ಈಗ ಅವಳು ಕೈಯಲ್ಲಿ ಕೆಲಸ ಮಾಡುತ್ತಲೇ ಕೇಳುತ್ತಾಳೆ, ಇಬ್ಬರೂ ಒಟ್ಟಿಗೆ ಪುಸ್ತಕ ಮುಗಿಸುತ್ತೇವೆ ಎಂದು ಹೆಮ್ಮೆಯಿಂದ ಹೇಳಿಕೊಂಡಿದ್ದನಂತೆ.

ಬಸ್ಸಿನಲ್ಲಿ ಚೀಲವನ್ನು ಎದೆಗವಚಿಕೊಂಡು ಕೂತ ಇಂದ್ರಾಣಿಗೆ ತನ್ನ ಸ್ಟಾಪ್ ದಾಟಿದ್ದೂ ತಿಳಿಯಲಿಲ್ಲ. ಮಜ್ಜಿಗೆ ಕುಡಿಯುತ್ತಾ ಅವನು ಕೇಳಿದ್ದ ಆ ಅಕ್ಕ ಕತೆಯೊಳಗಿನವಳು ಎಂದು ಈಗ ಹೊಳೆಯಿತು. ಇಷ್ಟು ದಿನ ಅವನು ತನ್ನ ಪಕ್ಕದಲ್ಲಿ ಹೆಂಡತಿ ಇದ್ದಾಳೆಂದುಕೊಂಡು ಕತೆ ಕೇಳಿದ್ದ. ಅಲ್ಲಿ ಇದ್ದದ್ದು ಯಾವಾಗ ಇದು ಬಾಯಿ ಮುಚ್ಚುತ್ತದೋ ಎಂದು ಕಾಯುತ್ತಿದ್ದ ಒಬ್ಬ ಹೆಂಗಸು.

ಮನೆಗೆ ಬಂದು ಮೆಷಿನ್ನನ್ನು ಅವನ ಕೈಗಿಟ್ಟಳು. ಗುಂಡಿ ಒತ್ತಿದಾಗ ಸ್ವರ ಹೊರಟಿತು. ದೇವರಾಜ್‌ನ ಮುಖ ಅರಳಿದ್ದನ್ನು ಅವಳಿಗೆ ನೋಡಲಾಗಲಿಲ್ಲ. ಹೊಸ ಬ್ಯಾಟರಿ ಹಾಕಿದರಾ ಎಂದು ಕೇಳಿದ. ಹೂಂ ಎಂದರೆ ಎಲ್ಲ ಅಲ್ಲಿಗೇ ಮುಚ್ಚಿಹೋಗುತ್ತಿತ್ತು.

“ಬ್ಯಾಟರಿ ಚೆನ್ನಾಗೇ ಇತ್ತು ಕಣ್ರೀ,” ಎಂದಳು ಇಂದ್ರಾಣಿ. “ನಾನೇ ಸ್ವಿಚ್ ಹಾಕಿರ್ಲಿಲ್ಲ. ಬೇಕಂತಾನೇ ಹಾಕ್ಲಿಲ್ಲ.”

ಅವನು ಗುಂಡಿ ಒತ್ತಿ ಓದನ್ನು ನಿಲ್ಲಿಸಿದ.

“ಅಷ್ಟು ಹಿಂಸೆ ಆಗ್ತಿತ್ತಾ?”

“ಎಣಿಕೆ ತಪ್ಪೋಗ್ತಿತ್ತು.”

“ಹೇಳ್ಬೋದಿತ್ತಲ್ಲ ಇಂದ್ರಾ. ನೀನೂ ಕೇಳ್ತಿದೀಯ ಅಂತ ಜೋರಾಗಿ ಇಡ್ತಿದ್ದೆ. ನಂಗೊಬ್ಬನಿಗೇ ಆಗಿದ್ರೆ ಇಯರ್‌ಫೋನ್ ಸಾಕಿತ್ತು.”

ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಚುಚ್ಚುಮಾತೂ ಇರಲಿಲ್ಲ. ತನ್ನದೇ ತಪ್ಪು ಎಂಬಂತೆ ಹೇಳಿದ, ಅದೇ ಅವಳನ್ನು ಹಿಂಡಿತು. ಅವನು ಎದ್ದು, ಗೋಡೆ ಹಿಡಿದು ಹೋಗಿ, ಶೋಕೇಸಿನ ಕೆಳಗಿನ ಖಾನೆಯಿಂದ ಮೆಷಿನ್ನಿನ ಡಬ್ಬಿ ತೆಗೆದ. ಒಳಗಿದ್ದ ಇಯರ್‌ಫೋನಿನ ತಂತಿಗೆ ಕಟ್ಟಿದ್ದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ. ಬಿಚ್ಚಿದ. ಬೇಡ ರೀ, ಜೋರಾಗೇ ಇಡಿ, ನಾನೂ ಕೇಳ್ತೀನಿ ಎಂದು ಇಂದ್ರಾಣಿ ಅವನ ಕೈ ಹಿಡಿದಳು. ಸೀಸನ್ ಅಲ್ವಾ, ನೀನು ಕೆಲಸ ಮಾಡ್ಕೋ ಎಂದು ಅವನು ಅವಳ ಕೈಯನ್ನು ಮೆತ್ತಗೆ ತಟ್ಟಿ ಬಿಡಿಸಿಕೊಂಡ.

ಇಯರ್‌ಫೋನನ್ನು ಕಿವಿಗೆ ಸಿಕ್ಕಿಸಿಕೊಂಡು ಕಿಟಕಿಯ ಬಳಿ ಅವನು ಕೂತ, ಮೇಜಿನ ಬಳಿ ಅವಳು ಕೂತಳು. ಸೀರೆ ತೊಡೆಯ ಮೇಲಿತ್ತು, ಕೈ ಓಡಲಿಲ್ಲ. ತುಸು ಹೊತ್ತಿನ ಮೇಲೆ ದೇವರಾಜ್ ಯಾವುದಕ್ಕೋ ಹಗುರವಾಗಿ ನಕ್ಕ. ಎಷ್ಟೋ ದಿನದ ಮೇಲೆ ನಕ್ಕಿದ್ದ.

“ಏನಂತೆ ರೀ ಅದು?” ಎಂದು ಕೇಳಿದಳು ಇಂದ್ರಾಣಿ.

ಅವನಿಗೆ ಕೇಳಿಸಲಿಲ್ಲ.