ಅಬ್ಬಾನ ಮೇಜಿನ ಮೇಲಿನ ಪದಗಳು

ಬುರ್ಖಾ ಕಂಡ ಕೂಡಲೇ ತುಮಕೂರಿನ ಅರ್ಧ ಜನರ ನಾಲಿಗೆ ಹಿಂದಿಗೆ ತಿರುಗುತ್ತದೆ. ಮೆಡಿಕಲ್ ಸ್ಟೋರಿನವನು ನನ್ನ ಪಕ್ಕದಲ್ಲಿ ನಿಂತ ಹೆಂಗಸಿಗೆ ಏನ್ ಬೇಕಕ್ಕಾ ಅನ್ನುತ್ತಾನೆ, ನನ್ನ ಕಡೆ ತಿರುಗಿ ಕ್ಯಾ ಚಾಹಿಯೇ ಅನ್ನುತ್ತಾನೆ. ನಾನು ಕನ್ನಡದಲ್ಲಿ ಮಾತ್ರೆಯ ಹೆಸರು ಹೇಳಿ, ಎಷ್ಟಾಯ್ತು ಅಂತ ಕನ್ನಡದಲ್ಲೇ ಕೇಳಿದರೂ ಅವನು ಬೆಲೆ ಹೇಳುವುದು ಹಿಂದಿಯಲ್ಲೇ. ಅದೂ ಎಂಥ ಹಿಂದಿ! ಕೇಳಿದರೆ ಹಿಂದಿಯವರು ಊರು ಬಿಟ್ಟಾರು. ಗುಬ್ಬಿಯಲ್ಲಿ ಹುಟ್ಟಿ, ಗುಬ್ಬಿಯ ಬೀದಿಯಲ್ಲಿ ಕುಂಟೆಬಿಲ್ಲೆ ಆಡಿ ಬೆಳೆದವಳು ನಾನು. ನನಗೆ ಕನ್ನಡ ಬರುವುದಿಲ್ಲ ಅಂತ ತೀರ್ಮಾನ ಮಾಡಲು ಇವನ್ಯಾರು?

ಇದನ್ನು ವರ್ಷಗಟ್ಟಲೆ ನುಂಗಿಕೊಂಡೇ ಬಂದಿದ್ದೆ. ನುಂಗಲಾಗದೆ ಹೋದದ್ದು ಮಗಳ ಸ್ಕೂಲಿನಲ್ಲಿ. ಅವಳು ಆಗ ಹೈಸ್ಕೂಲಿನಲ್ಲಿದ್ದಳು, ಪೇರೆಂಟ್ಸ್ ಮೀಟಿಂಗಿಗೆ ಹೋಗಿದ್ದೆ. ಮಿಸ್ಸು ನನ್ನನ್ನು ಒಂದು ಸಲ ನೋಡಿ, ಮಗಳಿಗೆ ಹೇಳಿದರು, ‘ಅಮ್ಮಂಗೆ ನೀನೇ ಹೇಳ್ಬಿಡಮ್ಮ, ಅವರಿಗೆ ಕನ್ನಡ ಅರ್ಥ ಆಗಲ್ಲ.’ ಅರ್ಥ ಆಗುತ್ತೆ ಮಿಸ್ ಅಂದೆ. ಅವರು ನಗುತ್ತಾ ಒಂದು ನೋಟೀಸು ಕೊಟ್ಟು ಓದಿ ಸೈನ್ ಮಾಡಿ ಅಂದರು. ಅಲ್ಲಿ ಸಿಕ್ಕಿಬಿದ್ದೆ. ಏಳನೇ ಕ್ಲಾಸಿನವರೆಗೆ ಉರ್ದು ಶಾಲೆಯಲ್ಲಿ ಓದಿದವಳು ನಾನು. ಮಾತಾಡುವ ಕನ್ನಡ ನೀರು ಕುಡಿದಷ್ಟು ಸಲೀಸು. ಅಚ್ಚಾದ ಕನ್ನಡ ಎದುರಿಗೆ ಬಂದರೆ ಬೆರಳಿಟ್ಟು ಓದಬೇಕು. ಬೆರಳು ಎರಡನೇ ಸಾಲಿಗೆ ಬರುವಷ್ಟರಲ್ಲಿ ಮಿಸ್ಸು, ಪರವಾಗಿಲ್ಲ ಬಿಡಿ, ಸೈನ್ ಮಾಡಿ ಸಾಕು ಅಂದರು.

ಅವತ್ತು ಉಪ್ಪಾರಹಳ್ಳಿಯ ಮನೆ ತಲುಪುವವರೆಗೂ ನನಗೆ ಅವರ ಮೇಲೆ ಸಿಟ್ಟು, ನನ್ನ ಮೇಲೆ ಇನ್ನೂ ಸಿಟ್ಟು. ಒಂದು ದಪ್ಪ ಕನ್ನಡ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಓದುತ್ತೇನೆ, ಯಾರನ್ನೂ ಅರ್ಥ ಕೇಳುವುದಿಲ್ಲ ಅಂತ ದಾರಿಯಲ್ಲೇ ನಿರ್ಧರಿಸಿದೆ. ಮಗಳನ್ನೂ ಕೇಳುವುದಿಲ್ಲ. ಅವಳನ್ನು ಕೇಳಿದರೆ ಮಿಸ್ಸು ಹೇಳಿದ್ದೇ ನಿಜ ಆದಂತೆ.

ನಾವು ಟೈಲರುಗಳು. ಗಂಡ ಕೋಟು, ಪ್ಯಾಂಟು ಹೊಲಿಯುತ್ತಾರೆ, ನಾನು ರವಿಕೆ, ಚೂಡಿದಾರ. ಕೋರ್ಟಿನ ವಕೀಲರು ಅನೇಕರು ನಮ್ಮ ಗಿರಾಕಿಗಳು. ಕಟಿಂಗ್ ಮೇಜು ಒಂದೇ. ಅದು ಗುಬ್ಬಿಯಲ್ಲಿ ನಮ್ಮ ಅಬ್ಬಾ ಇಟ್ಟುಕೊಂಡಿದ್ದ ಹಲಸಿನ ಹಲಗೆಯ ಮೇಜು. ಅಬ್ಬಾ ಹೋದ ಮೇಲೆ ಅಣ್ಣಂದಿರು ಅಂಗಡಿ ಹಂಚಿಕೊಂಡರು, ನನಗೇನು ಬೇಕು ಅಂತ ಕೇಳಿದಾಗ ಮೇಜು ಅಂದೆ. ಗೂಡ್ಸ್ ಗಾಡಿಯಲ್ಲಿ ಹಾಕಿಸಿಕೊಂಡು ತುಮಕೂರಿಗೆ ತಂದೆ. ಅದರ ಒಂದು ತುದಿ ಗಂಡನಿಗೆ, ಒಂದು ತುದಿ ನನಗೆ.

ಪುಸ್ತಕ ಸಿಕ್ಕಿದ್ದೂ ಆ ಮೇಜಿನ ಮೇಲೇ. ರವಿಕೆಯ ಪ್ಯಾಟರ್ನ್ ಕತ್ತರಿಸಲು ನಾವು ರದ್ದಿ ಅಂಗಡಿಯಿಂದ ಹಳೇ ಪೇಪರು ತರುತ್ತೇವೆ. ಒಂದು ಕಟ್ಟು ಬಿಚ್ಚಿದಾಗ ಒಳಗೆ ಇಟ್ಟಿಗೆಯಂಥ ಒಂದು ಕಾದಂಬರಿ ಇತ್ತು. ರಟ್ಟು ಇಲ್ಲ, ಮುಂದಿನ ಹಾಳೆಗಳು ಇಲ್ಲ, ಹೆಸರೂ ಇಲ್ಲ, ಬರೆದವರು ಯಾರು ಅಂತಲೂ ಇಲ್ಲ. ಕತೆ ಮಾತ್ರ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಪೂರ್ತಿ ಇತ್ತು. ಗಂಡ ಅದನ್ನು ಹರಿದು ಕಾಲರಿನ ಪ್ಯಾಟರ್ನಿಗೆ ಇಟ್ಟುಕೊಳ್ಳೋಣ ಅಂದರು. ನಾನು ಕಿತ್ತುಕೊಂಡೆ.

ಮೊದಲ ಪುಟದಲ್ಲೇ ಗೊತ್ತಿಲ್ಲದ ಪದಗಳ ಸಾಲು. ಮೂರು ಜನ ಅಣ್ಣತಮ್ಮಂದಿರ ದೊಡ್ಡ ಮನೆ, ಅಲ್ಲಿಗೆ ತವರಿಗೆಂದು ವಾಪಸು ಬಂದ ಒಬ್ಬ ತಂಗಿ, ಇಷ್ಟು ತಿಳಿಯಿತು. ಮಿಕ್ಕದ್ದು ಮಂಜು. ಆದರೆ ಅರ್ಥ ತಿಳಿಯದೆ ಓದುವುದು ನನಗೇನು ಹೊಸದಲ್ಲ. ಚಿಕ್ಕಂದಿನಲ್ಲಿ ನಾವೆಲ್ಲ ಅರಬ್ಬಿಯನ್ನು ಹಾಗೇ ಓದಿದವರು. ಬೆಳಿಗ್ಗೆ ತಲೆಗೆ ದುಪ್ಪಟ್ಟಾ ಹೊದ್ದು, ಚಾಪೆಯ ಮೇಲೆ ಸಾಲಾಗಿ ಕೂತು, ಅರ್ಥ ಗೊತ್ತಿಲ್ಲದಿದ್ದರೂ ಅಕ್ಷರಕ್ಕೆ ಅಕ್ಷರ ಕೂಡಿಸಿ, ಒಂದೂ ಬಿಡದೆ ಓದುತ್ತಿದ್ದೆವು. ಕಲಿಸುವ ಆಪಾ ಹೇಳುತ್ತಿದ್ದರು, ನೀನು ಓದುತ್ತಾ ಹೋಗು, ಅದು ತೆರೆದುಕೊಳ್ಳಬೇಕಾದಾಗ ತೆರೆದುಕೊಳ್ಳುತ್ತದೆ ಅಂತ. ಕನ್ನಡ ಕಾದಂಬರಿಯನ್ನೂ ಅದೇ ತಾಳ್ಮೆಯಿಂದ ಹಿಡಿದೆ.

ನನ್ನದೊಂದು ನಿಯಮ ಮಾಡಿಕೊಂಡೆ. ಗೊತ್ತಿಲ್ಲದ ಪದ ಬಂದರೆ ಮೇಜಿನ ನನ್ನ ತುದಿಯಲ್ಲಿ ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಿನಿಂದ ಬರೆಯುವುದು. ಅದೇ ಪದ ಪುಸ್ತಕದಲ್ಲಿ ಇನ್ನೊಂದು ಸಲ ಬರುವವರೆಗೆ ಕಾಯುವುದು. ಎರಡನೇ ಸಲ ಬಂದಾಗ ಹಿಂದುಮುಂದಿನ ಸಂಗತಿಯಿಂದ ಅರ್ಥ ಹಿಡಿದು, ಹಿಡಿದ ಮೇಲೆ ಒರೆಸುವುದು. ಮುಚ್ಚಂಜೆ ಅನ್ನುವ ಪದ ತುಂಬಾ ದಿನ ಮೇಜಿನ ಮೇಲಿತ್ತು. ಎರಡನೇ ಸಲ ಬಂದಾಗ ಆ ತಂಗಿ ದೀಪ ಹಚ್ಚಲು ಎದ್ದಳು, ದನ ಮನೆಗೆ ಬಂದವು. ಓ, ಮಗ್ರಿಬ್ ನಮಾಜಿನ ಹೊತ್ತು ಅಂದುಕೊಂಡೆ, ಒರೆಸಿದೆ. ಕಕ್ಕುಲತೆ ಬಂದಾಗ ನನ್ನ ಅಮ್ಮಿ ನೆನಪಾದಳು. ಅವಳು ಅದನ್ನೇ ಮಾಡುತ್ತಿದ್ದಳು, ಅದಕ್ಕೆ ಇಷ್ಟು ಚೆಂದದ ಹೆಸರಿದೆ ಅಂತ ಅವಳಿಗೂ ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಎಲ್ಲವೂ ಹೊಸದೇ ಅಂತಲೂ ಅಲ್ಲ. ಒಂದು ಅಧ್ಯಾಯದಲ್ಲಿ ಕೆರೆ ಬಂತು. ಏರಿ, ತೂಬು, ಕೋಡಿ ಬೀಳುವುದು. ಆ ಹದಿನೈದು ಪುಟ ಒಂದೇ ಉಸಿರಿಗೆ ಓದಿದೆ. ಗುಬ್ಬಿ ಹತ್ತಿರದ ಕಡಬದ ಕೆರೆ ಕೋಡಿ ಬಿದ್ದ ವರ್ಷ ಅಬ್ಬಾ ನಮ್ಮನ್ನೆಲ್ಲ ಕರೆದುಕೊಂಡು ಹೋಗಿ ತೋರಿಸಿದ್ದರು. ಈ ಪುಸ್ತಕದ ಒಳಗೆ ನನ್ನದೂ ಜಾಗ ಇದೆ ಅಂತ ಆಗ ಅನ್ನಿಸಿತು. ಯಾರದೋ ಮನೆಗೆ ನೆಂಟಳಾಗಿ ಹೋದವಳಿಗೆ ಅಡುಗೆಮನೆಯ ದಾರಿ ಮೊದಲೇ ಗೊತ್ತಿದ್ದ ಹಾಗೆ.

ಓದುವ ಹೊತ್ತು ಶುಕ್ರವಾರ ಮಧ್ಯಾಹ್ನ. ಗಂಡ ಜುಮಾ ನಮಾಜಿಗೆ ಹೋಗುವಾಗ ಶಟರ್ ಅರ್ಧ ಇಳಿಸಿ ಹೋಗುತ್ತಾರೆ. ಉಳಿದ ದಿನ ಊಟದ ನಂತರ ಸಿಕ್ಕಷ್ಟು. ಗಂಡ ಒಳ್ಳೆಯವರು, ಅಂಜುಬುರುಕರು. ಗಿರಾಕಿ ಏನಂದುಕೊಳ್ಳುತ್ತಾರೆ ಅನ್ನುವುದೇ ಅವರ ಮೊದಲ ಚಿಂತೆ. ಕುಣಿಗಲ್ಲಿನಲ್ಲಿರುವ ಅವರ ಅಕ್ಕ ಬಂದಾಗ ಮೇಜು ನೋಡಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ಮಗಳ ಮದುವೆ ವಯಸ್ಸಿಗೆ ತಾಯಿ ಅಆಇಈ ಬರೆಯುತ್ತಿದ್ದಾಳೆ ಅಂದಳು. ಬೇರೆಯವರ ಮನೆಯ ಕತೆ ನಿನಗ್ಯಾಕೆ, ಅವರೇನು ನಮ್ಮ ಕತೆ ಓದುತ್ತಾರಾ ಅಂತಲೂ ಕೇಳಿದಳು. ಅವರು ಓದುವುದಿಲ್ಲ ಅಂತ ನಾನೂ ಓದದೆ ಇರಬೇಕಾ ಅಂದೆ. ಅವಳು ಚಹಾದ ಲೋಟ ಎತ್ತಿಕೊಂಡು ತಮ್ಮನ ತುದಿಗೆ ಹೋಗಿ ಕೂತಳು.

ರಂಜಾನ್ ಹಬ್ಬಕ್ಕೆ ಕೆಲವೇ ದಿನ ಇದ್ದಾಗ ಆಗಬಾರದ್ದು ಆಯಿತು. ಟೈಲರ್ ಚಾಕ್‌ಪೀಸಿನಲ್ಲಿ ಎರಡು ಬಗೆ. ಮಣ್ಣಿನದು ಬ್ರಶ್ ಆಡಿಸಿದರೆ ಉದುರುತ್ತದೆ. ಮೇಣದ್ದು ಕಾವು ತಾಗಿದರೆ ಕರಗುತ್ತದೆ. ನಾನು ಬರೆಯುತ್ತಿದ್ದುದು ಮೇಣದ್ದರಲ್ಲಿ, ಯಾಕೆಂದರೆ ಪದ ಎರಡನೇ ಸಲ ಬರುವವರೆಗೂ ಅದು ಅಳಿಯದೆ ಉಳಿಯುತ್ತಿತ್ತು. ಇಸ್ತ್ರಿಗೆ ಮೇಜಿನ ಮೇಲೆ ಹಾಸುವ ಕಂಬಳಿಯನ್ನು ಹಬ್ಬಕ್ಕೆಂದು ಒಗೆದು ಮಹಡಿಯ ಮೇಲೆ ಒಣಗಿಹಾಕಿದ್ದೆವು. ಗಂಡ ಅವಸರದಲ್ಲಿ ಒಬ್ಬ ವಕೀಲರ ಕಪ್ಪು ಕೋಟಿನ ಬೆನ್ನಿನ ತುಂಡನ್ನು ನನ್ನ ತುದಿಯಲ್ಲಿ ಬರೀ ಹಲಗೆಯ ಮೇಲೆ ಮಗುಚಿ ಹಾಕಿ, ಹೊಲಿಗೆಯ ಮೇಲೆ ಇಸ್ತ್ರಿ ಎಳೆದರು. ಕೆಳಗಿದ್ದ ಪದಗಳು ಬಟ್ಟೆಗೆ ಹತ್ತಿದವು, ಉಲ್ಟಾ ಆಗಿ. ಟ್ರಯಲ್ ಕೋಟಿನ ಮೇಲೆ ಬಿಳಿ ಗೀಟುಗಳು ಇರುವುದು ಮಾಮೂಲು. ಅವರಿಗೆ ಅದು ಕಣ್ಣಿಗೇ ಬೀಳಲಿಲ್ಲ.

ವಕೀಲರು ಟ್ರಯಲ್ಲಿಗೆ ಬಂದರು. ಹಣೆಯಲ್ಲಿ ವಿಭೂತಿ, ಮಠದ ಟ್ರಸ್ಟಿನಲ್ಲಿರುವವರು, ಮಾತು ಕಡಿಮೆ. ಕೋಟು ಹಾಕಿಕೊಂಡು ಎದೆ ಸೆಟೆಸಿ ನಿಂತರು. ಬೆನ್ನು ಹೇಗೆ ಕೂತಿದೆ ನೋಡಲು ನಿಲುವುಗನ್ನಡಿಯ ಮುಂದೆ ತಿರುಗಿ, ಭುಜದ ಮೇಲಿಂದ ಕತ್ತು ಹೊರಳಿಸಿದರು. ಉಲ್ಟಾ ಅಕ್ಷರ ಕನ್ನಡಿಯಲ್ಲಿ ನೆಟ್ಟಗಾಯಿತು. ಅವರಿಗಿಂತ ಮೊದಲು ನನಗೆ ಕಂಡಿತು. ಸೊಂಟದ ಮೇಲೆ, ನನ್ನದೇ ಕೈಬರಹ, ಬಿಗುಮಾನ. ಅದರ ಕೆಳಗೆ ಅರ್ಧಂಬರ್ಧ ಬವಣೆ.

ಬಿಗುಮಾನ ಆಗಿನ್ನೂ ಪುಸ್ತಕದಲ್ಲಿ ಎರಡನೇ ಸಲ ಬಂದಿರಲಿಲ್ಲ. ಆದರೆ ಆ ನಿಲುವು, ಆ ಕತ್ತು, ಯಾರೂ ಮಾತಾಡಿಸದಿರಲಿ ಅನ್ನುವ ಆ ತುಟಿ ನೋಡಿದ ಕೂಡಲೇ ಅರ್ಥ ಹೊಳೆಯಿತು. ನಗು ತಡೆಯಲು ದಾರದ ಉಂಡೆ ಕೆಳಗೆ ಬೀಳಿಸಿ ಬಗ್ಗಿಕೊಂಡೆ.

ವಕೀಲರು ಒಂದೊಂದೇ ಅಕ್ಷರ ಕೂಡಿಸಿ ಓದಿ, ಏನ್ರೀ ಇದು ಅಂದರು. ಗಂಡನ ಮುಖ ಬಿಳಿಚಿತು. ತಪ್ಪಾಯ್ತು ಸಾರ್, ನಮ್ಮ ಮನೆಯವರು ಏನೋ ಗೀಚಿದ್ದು ಅಂತ ನನ್ನ ಕಡೆ ಕೈ ತೋರಿಸಿದರು. ನಾನು ಎದ್ದು ನಿಂತು, ಮೇಣ ಸಾರ್, ನ್ಯೂಸ್ ಪೇಪರ್ ಇಟ್ಟು ಇಸ್ತ್ರಿ ಮಾಡಿದರೆ ಪೇಪರು ಎಳೆದುಕೊಳ್ಳುತ್ತದೆ, ಕೋಟಿಗೆ ಏನೂ ಆಗುವುದಿಲ್ಲ ಅಂದೆ. ಅದು ನಿಜವೂ ಹೌದು. ಅವರು ಕೋಟು ಬಿಚ್ಚಿ ಕೊಟ್ಟು, ಮೇಜಿನ ಮೇಲೆ ತೆರೆದಿದ್ದ ಪುಸ್ತಕ ಎತ್ತಿಕೊಂಡು ಎರಡು ಪುಟ ತಿರುವಿದರು. ಮುಖ ಸ್ವಲ್ಪ ಸಡಿಲವಾಯಿತು. ಅವರೂ ಓದಿದ್ದರಂತೆ, ಕಾಲೇಜಿನಲ್ಲಿದ್ದಾಗ.

‘ನಿಮ್ಮೋರಾಗಿ ನಮ್ಮ ಭಾಷೆನ ಇಷ್ಟು ಓದ್ತೀರಲ್ಲ, ಭಾಳ ಸಂತೋಷ’ ಅಂದರು.

ಅವರು ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ಗೊತ್ತು. ಬೈದಿದ್ದರೆ ಸಹಿಸುತ್ತಿದ್ದೆನೇನೋ. ಹೊಗಳಿಕೆಯನ್ನು ಸಹಿಸಲಾಗಲಿಲ್ಲ. ಮೆಡಿಕಲ್ ಸ್ಟೋರಿನವನು, ಮಿಸ್ಸು, ಪರವಾಗಿಲ್ಲ ಬಿಡಿ, ಎಲ್ಲ ಒಟ್ಟಿಗೆ ನೆನಪಾಯಿತು.

‘ನಾನು ಗುಬ್ಬಿಯೋಳು ಸಾರ್. ನನಗೆ ಕನ್ನಡ ಯಾರೂ ಸಾಲ ಕೊಟ್ಟಿಲ್ಲ’ ಅಂದೆ.

ವಕೀಲರು ಕೋರ್ಟಿನಲ್ಲಿ ಎಂಥೆಂಥ ಮಾತು ಕೇಳಿದವರೋ, ನಿಧಾನವಾಗಿ ತಲೆ ಆಡಿಸಿದರು. ಆಮೇಲೆ ಸಮಾಧಾನ ಮಾಡುವವರ ಹಾಗೆ, ಇದು ದೊಡ್ಡ ಪುಸ್ತಕಮ್ಮ, ಇದರ ಹೆಸರು ಗೊತ್ತಾ, ಕೊನೆಗೆ ಆ ತಂಗಿ ಏನು ಮಾಡ್ತಾಳೆ ಗೊತ್ತಾ ಅಂತ ಶುರು ಮಾಡಿದರು. ಹೇಳಬೇಡಿ ಸಾರ್, ಇನ್ನೂ ನೂರು ಪುಟ ಇದೆ, ಅಲ್ಲೀವರೆಗೆ ನಾನೇ ಓದ್ಕೊಂಡು ಹೋಗ್ತೀನಿ ಅಂದೆ. ಅವರು ಪುಸ್ತಕವನ್ನು ತೆರೆದಿದ್ದ ಪುಟಕ್ಕೇ ತಂದು ಇಟ್ಟು, ಸೋಮವಾರ ಬರುತ್ತೇನೆ ಅಂತ ಹೊರಟರು.

ಅವರ ಸ್ಕೂಟರ್ ತಿರುವು ದಾಟುವುದನ್ನು ಗಂಡ ಬಾಗಿಲಲ್ಲಿ ನಿಂತು ನೋಡಿದರು. ಆಮೇಲೆ ಉರ್ದುವಿನಲ್ಲಿ ಶುರುವಾಯಿತು. ಕೋರ್ಟಿನ ಗಿರಾಕಿಗಳೆಲ್ಲ ಹೋದರು ಅಂತಲೇ ತಿಳಿದುಕೋ, ವಕೀಲರಿಗೆ ಎದುರು ಮಾತಾಡುತ್ತಾರಾ, ಎಲ್ಲ ಆ ರದ್ದಿಯಿಂದ ಬಂದದ್ದು. ನಾಳೆಯಿಂದ ಪುಸ್ತಕ ಅಂಗಡಿಯಲ್ಲಿ ಇರಕೂಡದು, ಇದ್ದರೆ ಹರಿದು ಪ್ಯಾಟರ್ನ್ ಮಾಡುತ್ತೇನೆ ಅಂದರು. ಮನೆಯಲ್ಲಿ ಅಡುಗೆ, ನೀರು, ಅತ್ತೆಯ ಮಾತ್ರೆ, ರಂಜಾನಿನ ಕೆಲಸ. ಅಂಗಡಿಯಲ್ಲಿ ಇಲ್ಲ ಅಂದರೆ ಪುಸ್ತಕ ಎಲ್ಲೂ ಇಲ್ಲ ಅಂತಲೇ ಅರ್ಥ. ಅದು ಇಬ್ಬರಿಗೂ ಗೊತ್ತಿತ್ತು.

ನಮ್ಮ ಸಂಸಾರದಲ್ಲಿ ಪ್ರೀತಿಯೂ ಉರ್ದುವಿನಲ್ಲಿ, ಜಗಳವೂ ಉರ್ದುವಿನಲ್ಲಿ. ಅವತ್ತು ನನ್ನ ಬಾಯಿಂದ ಕನ್ನಡ ಬಂತು. ಅಬ್ಬಾ ಗುಬ್ಬಿಯ ಅಂಗಡಿಯಲ್ಲಿ ಚೌಕಾಸಿ ಮಾಡುವವರಿಗೆ ಕೊನೆಯ ಮಾತು ಹೇಳುತ್ತಿದ್ದ ಅದೇ ಕನ್ನಡ.

‘ಈ ಮೇಜು ನಮ್ಮ ಅಬ್ಬಾದು. ಪುಸ್ತಕ ಹೋದ್ರೆ ಮೇಜೂ ಹೋಗುತ್ತೆ.’

ಗಂಡ ನನ್ನ ಮುಖವನ್ನೇ ನೋಡಿದರು. ಇಷ್ಟು ವರ್ಷ ಬಾಳಿದ ಹೆಂಡತಿ ಬೇರೆ ಯಾರೋ ಆಗಿ ನಿಂತ ಹಾಗೆ. ಮೇಜಿಲ್ಲದ ಟೈಲರು ಏನು ಮಾಡುತ್ತಾನೆ? ನಾನು ನ್ಯೂಸ್ ಪೇಪರ್ ಹಾಸಿ, ಕೋಟಿನ ಬೆನ್ನು ಅದರ ಮೇಲೆ ಹಾಕಿ ಇಸ್ತ್ರಿ ಒತ್ತಿದೆ. ಮೇಣ ಪೇಪರಿಗೆ ಇಳಿಯಿತು. ಬಟ್ಟೆ ಮೊದಲಿನ ಹಾಗೆ ಕಪ್ಪಗಾಯಿತು.

ವಕೀಲರು ಸೋಮವಾರ ಬಂದು ಕೋಟು ಒಯ್ದರು. ಕೋರ್ಟಿನ ಗಿರಾಕಿಗಳು ಎಲ್ಲೂ ಹೋಗಲಿಲ್ಲ. ಹಬ್ಬ ಕಳೆದು ಒಂದು ಶುಕ್ರವಾರ ಪುಸ್ತಕ ಮುಗಿಸಿದೆ. ಕೊನೆಗೆ ಆ ತಂಗಿ ಏನು ಮಾಡುತ್ತಾಳೆ ಅಂತ ನಾನೂ ಇಲ್ಲಿ ಹೇಳುವುದಿಲ್ಲ, ಓದಿಕೊಳ್ಳಿ. ಹೆಸರನ್ನು ನಾನು ಇವತ್ತಿಗೂ ಯಾರನ್ನೂ ಕೇಳಿಲ್ಲ. ಮುಂದಿನ ಪೇರೆಂಟ್ಸ್ ಮೀಟಿಂಗಿನಲ್ಲಿ ಮಿಸ್ಸು ಕೊಟ್ಟ ನೋಟೀಸನ್ನು ಬೆರಳಿಡದೆ ಓದಿ, ಎರಡನೇ ಸಾಲು ಅರ್ಥವಾಗುವ ಹಾಗೆ ಬರೆದಿಲ್ಲ ಮಿಸ್ ಅಂತ ಹೇಳಿ ಸೈನ್ ಮಾಡಿದೆ. ಮಗಳು ಹೊರಗೆ ಬಂದ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಬರೆದ ಪದಗಳೆಲ್ಲ ಒಂದೊಂದಾಗಿ ಮೇಜಿನಿಂದ ಹೋದವು, ಒಂದನ್ನು ಬಿಟ್ಟು. ಬಿಗುಮಾನ ಆ ಪುಸ್ತಕದಲ್ಲಿ ಎರಡನೇ ಸಲ ಬರಲೇ ಇಲ್ಲ. ಇಸ್ತ್ರಿಯ ಕಾವಿಗೆ ಅರ್ಧ ಕರಗಿದ್ದ ಅದನ್ನು ತಿದ್ದಿ ಗಟ್ಟಿಯಾಗಿ ಬರೆದೆ. ಅರ್ಥ ಗೊತ್ತು, ಆದರೆ ನಿಯಮ ನಿಯಮವೇ. ಮೇಜಿನ ಮೇಲೆ ಈಗ ಬೇರೊಂದು ದಪ್ಪ ಪುಸ್ತಕ ಇದೆ, ಅದರಲ್ಲಿ ಬರಬಹುದು. ಗಂಡ ಕಪ್ಪು ಬಟ್ಟೆ ಹರಡುವ ಮೊದಲು ಎದ್ದು ಬಂದು, ಆ ಪದದ ಮೇಲೆ ಒಂದು ಹಳೇ ಬೆಡ್‌ಶೀಟ್ ಮಡಚಿ ಹಾಕುತ್ತಾರೆ. ಅದನ್ನು ಒರೆಸು ಅಂತ ಒಂದು ದಿನವೂ ಹೇಳಿಲ್ಲ.