ನಮಾಜಿನ ಕುರ್ಚಿ

ಮದ್ದೂರಿನ ಸುರಯ್ಯಾಗೆ ಐವತ್ತೆಂಟು ತುಂಬುವ ಹೊತ್ತಿಗೆ ಎರಡೂ ಮಂಡಿ ಕೈಕೊಟ್ಟಿದ್ದವು. ನೆಲದ ಮೇಲೆ ಕೂತರೆ ಏಳಲು ಗೋಡೆ ಹಿಡಿಯಬೇಕು. ಹಾಗಾಗಿ ನಮಾಜನ್ನು ಕುರ್ಚಿಯಲ್ಲಿ ಕೂತೇ ಮಾಡುತ್ತಿದ್ದಳು. ಹಗಲೆಲ್ಲ ಅದೇ ಕುರ್ಚಿಯಲ್ಲಿ ಕೂತು ಟೈಲರ್ ಅಂಗಡಿಯಿಂದ ಬಂದ ರವಿಕೆಗಳಿಗೆ ಹುಕ್ಕು ಹೊಲಿಯುತ್ತಿದ್ದಳು. ತೇಗದ ಕುರ್ಚಿ, ಗಂಡ ಗಫಾರ್ ಮಾಡಿದ್ದು.

ಗಫಾರ್ ಬಡಗಿ. ಊರವರ ಬಾಯಲ್ಲಿ ಉಸ್ತಾದ್. ಹೋದ ವರ್ಷ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅವರಿಗೆ ಮಕ್ಕಳಿರಲಿಲ್ಲ. ಎಂಟು ವರ್ಷ ಅವನ ಹತ್ತಿರ ಕೆಲಸ ಕಲಿತ ಮಹದೇವು ಮನೆಯವನಂತೆಯೇ ಉಂಡು ತಿಂದು ಇದ್ದವನು. ಗಫಾರ್ ತೀರಿಕೊಂಡ ನಲವತ್ತನೇ ದಿನ ಸುರಯ್ಯಾ ಉಳಿ, ಗರಗಸ, ಸುತ್ತಿಗೆಗಳಿದ್ದ ಪೆಟ್ಟಿಗೆಯನ್ನು ಅವನ ಮುಂದೆ ತಳ್ಳಿದಳು. “ಇಲ್ಲಿದ್ರೆ ತುಕ್ಕು ಹಿಡೀತವೆ. ತಗೊಂಡೋಗಪ್ಪ,” ಎಂದಳು. ಒಂದು ಸುತ್ತಿಗೆಯನ್ನಾದರೂ ಇಟ್ಟುಕೊಳ್ಳಬೇಕೆಂದು ಆಗ ಹೊಳೆಯಲಿಲ್ಲ. ಮಹದೇವು ಈಗ ಮಂಡ್ಯದಲ್ಲಿ ಹೊಸ ಮನೆಗಳ ಅಡುಗೆಕೋಣೆಗೆ ಬೀರು ಕೂರಿಸುತ್ತಾನೆ.

ಬೇಸಿಗೆಯಲ್ಲಿ ಕುರ್ಚಿ ಅಲ್ಲಾಡತೊಡಗಿತು. ನಮಾಜಿನಲ್ಲಿ ಬಾಗಿದಾಗಲೆಲ್ಲ ಕಿರ್ ಎಂದು ಒಂದು ಕಡೆ ವಾಲುತ್ತಿತ್ತು. ಬಾಯಲ್ಲಿ ದುಆ ಇದ್ದರೂ ಮನಸ್ಸು ಕುರ್ಚಿಯ ಕಾಲಿಗೆ ಹೋಗುತ್ತಿತ್ತು. ಮಹದೇವುಗೆ ಫೋನ್ ಮಾಡಿದಳು.

“ಬತ್ತೀನಿ ಬುಡಮ್ಮ. ಈ ವಾರ ಸೈಟಲ್ಲಿ ಕೆಲ್ಸ ಜಾಸ್ತಿ ಅದೆ.”

ಮೂರು ವಾರವೂ ಇದೇ ಮಾತು. ಕೆಟ್ಟವನಲ್ಲ, ಅವನಿಗೆ ಪುರುಸೊತ್ತಿಲ್ಲ.

ಮೊದಲು ಕಾಲಿನ ಕೆಳಗೆ ರಟ್ಟು ಮಡಚಿ ಇಟ್ಟಳು. ಎರಡು ದಿನಕ್ಕೆ ರಟ್ಟು ಜಜ್ಜಿಹೋಯಿತು. ‘ಅಲ್ಲಾಡಿದ್ರೆ ಮೊದ್ಲು ನೆಲ ನೋಡು, ಆಮೇಲೆ ಕಾಲು ನೋಡು’ ಎಂದು ಗಫಾರ್ ಮಹದೇವುಗೆ ಹೇಳುತ್ತಿದ್ದುದು ನೆನಪಾಯಿತು. ಕುರ್ಚಿಯನ್ನು ಅಡುಗೆಮನೆಗೆ ಎಳೆದು ನೋಡಿದಳು, ಬಾಗಿಲ ಬಳಿ ಇಟ್ಟು ನೋಡಿದಳು. ಎಲ್ಲಿಟ್ಟರೂ ಅಲ್ಲಾಟ ಹೋಗಲಿಲ್ಲ. ತಪ್ಪು ನೆಲದ್ದಲ್ಲ. ಮಂಚದ ಮೇಲೆ ಕುರ್ಚಿಯನ್ನು ಮಗುಚಿ ಒಂದೊಂದೇ ಕಾಲು ಹಿಡಿದು ಅಲುಗಿಸಿದಳು. ಹಿಂದಿನ ಕಾಲಿಗೆ ಅಡ್ಡಪಟ್ಟಿ ಸೇರುವ ಕಡೆ ಸಡಿಲವಾಗಿತ್ತು. ಎಳೆದರೆ ಪಟ್ಟಿ ಕೈಗೇ ಬಂತು.

ಅದು ಕೂತಿದ್ದ ಕಾಲಿನ ತೂತಿನೊಳಗೆ ಏನೋ ಇತ್ತು. ಸೂಜಿಯಿಂದ ಕೆದಕಿ ತೆಗೆದಳು. ಮಡಚಿ ತುರುಕಿದ್ದ ಹಳೇ ಬಸ್ ಟಿಕೆಟು.

ಕೂದಲೆಳೆಯಷ್ಟು ಸಂದು ಬಿಟ್ಟರೂ ಮಹದೇವುವನ್ನು ಬೈದು ಜೋಡಿಸಿದ್ದನ್ನು ಬಿಚ್ಚಿಸುತ್ತಿದ್ದ ಉಸ್ತಾದ್ ಸ್ವಂತ ಮನೆಯ ಕುರ್ಚಿಗೆ ಸಂದು ಮುಚ್ಚಲು ಟಿಕೆಟು ತುರುಕಿದ್ದ. ಸುರಯ್ಯಾಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ “ಏನ್ರೀ ಇದು” ಎಂದು ಬಾಗಿಲ ಕಡೆ ತಿರುಗಿದಳು. ಬಾಗಿಲಲ್ಲಿ ಯಾರೂ ಇರಲಿಲ್ಲ. ಬಹಳ ಹೊತ್ತು ಟಿಕೆಟನ್ನು ಕೈಯಲ್ಲಿ ಹಿಡಿದು ಕೂತಳು.

ಮಾರನೆಯ ದಿನ ಹುಣಸೆಬೀಜ ಹುರಿದು, ನೆನೆಸಿ, ಸಿಪ್ಪೆ ಸುಲಿದು, ಮಿಕ್ಸಿಗೆ ಹಾಕಿ ಅಂಟು ಕಾಯಿಸಿದಳು. ಪಟ್ಟಿಯ ತುದಿಗೆ ರವಿಕೆ ಹೊಲಿಯುವ ದಾರವನ್ನು ಒತ್ತಾಗಿ ಸುತ್ತಿ, ಅಂಟು ಬಳಿದು, ತೂತಿಗೆ ಕೂರಿಸಿ, ಬಟ್ಟೆ ಅಡ್ಡವಿಟ್ಟು ಗುಂಡುಕಲ್ಲಿನಿಂದ ತಟ್ಟಿದಳು. ಅಂಟು ಆರುವವರೆಗೆಂದು, ಪಂಕ್ಚರ್ ಅಂಗಡಿಯಿಂದ ತಂದ ಸೈಕಲ್ ಟ್ಯೂಬಿನ ಪಟ್ಟಿಯನ್ನು ಕಾಲುಗಳ ಸುತ್ತ ಬಿಗಿಯಾಗಿ ಎಳೆದು ಸುತ್ತಿದಳು. ಎರಡು ದಿನ ಮಂಚದ ಅಂಚಿನಲ್ಲಿ ಕೂತು ನಮಾಜು ಮಾಡಿದಳು. ಮೂರನೇ ದಿನ ಟ್ಯೂಬು ಬಿಚ್ಚಿ ಕೂತರೆ ಕುರ್ಚಿ ಮಿಸುಕಲಿಲ್ಲ.

ಅವತ್ತೇ ಮಹದೇವುವಿನ ಫೋನ್ ಬಂತು. “ಅಮ್ಮ, ಕುರ್ಚಿ ಇನ್ನೂ ಅಲ್ಲಾಡ್ತಾ ಅದಾ?”

ಸುರಯ್ಯಾ ಕುರ್ಚಿಯಲ್ಲಿ ಒಮ್ಮೆ ಹಿಂದಕ್ಕೆ ಒರಗಿ ನೋಡಿದಳು. “ಹೂಂ ಕಣಪ್ಪ,” ಎಂದಳು.

ಭಾನುವಾರ ಮಹದೇವು ನಿಜವಾಗಿಯೂ ಬಂದ. ಕುರ್ಚಿ ಹಿಡಿದು ಅಲುಗಿಸಿದ, ಮತ್ತೊಂದು ಸಲ ಅಲುಗಿಸಿದ. ಕೆಳಗೆ ಬಗ್ಗಿ, ಸಂದಿನಲ್ಲಿ ಇಣುಕುತ್ತಿದ್ದ ಕೆಂಪು ದಾರವನ್ನು ಬೆರಳಿನಿಂದ ಮುಟ್ಟಿದ.

“ಇದು ಗಟ್ಟಿಯಾಗೇ ಅದಲ್ಲಮ್ಮ.”

“ಗುರುವಾರದಿಂದ ಗಟ್ಟಿಯಾಗಿದೆ. ಊಟ ಮಾಡು ಬಾ.”

ಅವನು ಕೈ ತೊಳೆದು ಕೂತ. ಬಡಿಸುತ್ತಾ ಟಿಕೆಟಿನ ಕಥೆ ಹೇಳಿದಳು. “ನಮ್ಮ ಉಸ್ತಾದ್ರಾ?” ಎಂದು ಅವನು ನಕ್ಕ. ಅವಳೂ ನಕ್ಕಳು. ಅಷ್ಟರಲ್ಲಿ ಸೈಟಿನಿಂದ ಫೋನ್ ಬಂತು. ಬಂದು ಮುಕ್ಕಾಲು ಗಂಟೆಯೂ ಆಗಿರಲಿಲ್ಲ, ಹೊರಟ.

ಮಳೆಗಾಲ ಹಿಡಿದಾಗ ಊಟದ ಮೇಜಿನ ಕಾಲು ಸಡಿಲವಾಯಿತು. ಅದನ್ನು ಸರಿಮಾಡುವುದು ಹೇಗೆಂದು ಅವಳಿಗೆ ನೋಡಿದ ಕೂಡಲೇ ತಿಳಿಯಿತು. ಆದರೂ ಮಂಡ್ಯಕ್ಕೆ ಫೋನ್ ಮಾಡಿದಳು.

“ಬತ್ತೀನಿ ಬುಡಮ್ಮ,” ಎಂದ ಮಹದೇವು.

ಅವನು ಬರಲಿ ಎಂದು ಮೇಜನ್ನು ಹಾಗೇ ಬಿಟ್ಟು, ಆಮೇಲೆ ದಿನವೂ ಒಂದು ಕೈಯಲ್ಲಿ ತಟ್ಟೆಯನ್ನು ಜಾರದಂತೆ ಹಿಡಿದುಕೊಂಡೇ ಉಂಡಳು.